ಕೆಂಬೆನ್, ಕಂಬೆನ್

ರುಮಿಯಾತಿಗೆ ಒಂದು ಕಡೆ ಕೂತು ಅಭ್ಯಾಸವೇ ಇಲ್ಲ. ಜಾವಾದ ಕ್ಲಾತೆನ್‌ನಿಂದ ಗಂಡನ ಹಿಂದೆ ಬಾಲಿಗೆ ಬಂದು ಗಿಯಾನ್ಯಾರ್ ಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟ ಮೇಲೂ ಅಷ್ಟೆ. ಗಿರಾಕಿ ಮಾತು ಮುಗಿಸುವುದರೊಳಗೆ ಇವಳ ಕತ್ತರಿ ಬಾಯಿ ತೆರೆದಿರುತ್ತಿತ್ತು.

ಬಂದ ಮೊದಲ ವರ್ಷವೇ ಸುಕೆರ್ತಿ ಎಂಬಾಕೆ ನೇರಳೆ ಬಣ್ಣದ ಕೈಮಗ್ಗದ ಬಟ್ಟೆಯೊಂದನ್ನು ತಂದಳು. ತೀರಿಹೋದ ತಾಯಿ ನೇಯ್ದ ಕೊನೆಯ ಬಟ್ಟೆ. ಮಗಳು ವಿದಾರಿಗೆ ಹಲ್ಲಿಗೆ ಅರ ಹಾಕಿಸುವ ಶಾಸ್ತ್ರ ಹತ್ತಿರ ಬಂದಿತ್ತು; ಹರೆಯಕ್ಕೆ ಬಂದವರ ಹಲ್ಲಿನ ತುದಿ ಉಜ್ಜಿ ಸಮ ಮಾಡಿಸುವುದು ಬಾಲಿಯವರ ಪದ್ಧತಿ.

“ಅವಳಿಗೆ ಕಂಬೆನ್ ಮಾಡ್ಕೊಡಕ್ಕ.”

“ಕೆಂಬೆನ್ ತಾನೆ? ಕಣ್ಣು ಮುಚ್ಕೊಂಡು ಹೊಲೀತೀನಿ ಬಿಡಿ!”

ಜಾವಾದವರಿಗೆ ಕೆಂಬೆನ್ ಅಂದರೆ ಎದೆಗೆ ಬಿಗಿದು ಸುತ್ತುವ ಪಟ್ಟಿ. ರುಮಿಯಾತಿ ಬಟ್ಟೆಯನ್ನು ಉದ್ದಕ್ಕೆ ಎರಡಾಗಿ ಸೀಳಿದಳು.

ಮಾರನೆಯ ದಿನ ವಿದಾರಿ ಬಂದಳು. “ಅತ್ತೆ, ಹಿಮ್ಮಡಿ ಮುಚ್ಚತ್ತಲ್ವಾ? ಗಿಡ್ಡ ಆದ್ರೆ ಗೆಳತೀರು ಆಡ್ಕೋತಾರೆ.”

“ಎದೆಗೆ ಕಟ್ಟೋದು ಹಿಮ್ಮಡಿಗ್ಯಾಕೆ ಬರತ್ತೆ ಮಗಾ?”

“ಎದೆಗಾ! ಕಂಬೆನ್ ಸೊಂಟಕ್ಕೆ ಉಡೋದು ಅತ್ತೆ!” ಹುಡುಗಿ ಬಿದ್ದು ಬಿದ್ದು ನಕ್ಕಳು. ಮೇಜಿನ ಮೇಲಿದ್ದ ಎರಡು ಪಟ್ಟಿ ಕಣ್ಣಿಗೆ ಬಿದ್ದದ್ದೇ ನಗು ನಿಂತಿತು.

ರುಮಿಯಾತಿ ಪಟ್ಟಿಗಳನ್ನು ಎದೆಗವಚಿಕೊಂಡು ಸುಕೆರ್ತಿಯ ಮನೆಯತ್ತ ನಡೆದಳು. ಬಾಗಿಲ ಮುಂದೆ ಮೂರು ಸಲ ಹೋಗಿ ಬಂದಳು. ಒಳಗೆ ಕಾಲಿಡುವ ಧೈರ್ಯವಾಗಲಿಲ್ಲ. ಕೊನೆಗೆ ಸುಕೆರ್ತಿಯೇ ಹೊರಗೆ ಬಂದು ನೋಡಿದಳು.

“ಒಂದು ಮಾತು ಕೇಳೋಕೆ ನಿಂಗೇನಾಗಿತ್ತು?”

“ಗೊತ್ತಿರೋ ಮಾತು ಅಂದ್ಕೊಂಡೆ ಅಮ್ಮಾ. ಗೊತ್ತಿಲ್ದಿದ್ರೆ ಕೇಳ್ತಿದ್ದೆ.”

“ನಮ್ಮಮ್ಮನ್ನ ಎಬ್ಬಿಸ್ಕೊಂಡು ಬಂದು ಇನ್ನೊಂದು ನೇಯಿಸ್ತೀಯಾ?”

ರುಮಿಯಾತಿ ಅಂಗಡಿಯಿಂದ ಹೊಸ ಬಟ್ಟೆ ತಂದುಕೊಡುತ್ತೇನೆಂದು ತೊದಲಿದಳು. ಸುಕೆರ್ತಿ ಕೈಯಲ್ಲಾಡಿಸಿ ಬೇಡವೆಂದಳು. “ಇದನ್ನೇ ಕೂಡಿಸು. ಹೆಂಗಾದ್ರೂ ಆಗ್ಲಿ, ಅವಳು ಉಡೋದು ಇದನ್ನೇ.”

ರುಮಿಯಾತಿ ಹೊಲಿದಳು, ಬಿಚ್ಚಿದಳು, ಮತ್ತೆ ಹೊಲಿದಳು. ಹೂವಿನ ಚಿತ್ತಾರಕ್ಕೆ ಚಿತ್ತಾರ ಕೂಡಿಸುವಷ್ಟರಲ್ಲಿ ಕಣ್ಣು ಸೋತವು. ಎಷ್ಟು ಸೂಕ್ಷ್ಮವಾಗಿ ಹೊಲಿದರೂ ತೊಡೆಯ ಮಟ್ಟದಲ್ಲಿ ಗೆರೆಯೊಂದು ಉಳಿದೇ ಉಳಿಯಿತು.

ಶಾಸ್ತ್ರದ ದಿನ ಬಟ್ಟೆ ಕೊಟ್ಟು ಸದ್ದಿಲ್ಲದೆ ಜಾರಿಕೊಳ್ಳಬೇಕೆಂದಿದ್ದಳು. ಸುಕೆರ್ತಿ ಬಿಡಲಿಲ್ಲ. ನೆಂಟರಿಷ್ಟರೆಲ್ಲ ಸೇರಿದ್ದ ಅಂಗಳದಲ್ಲಿ ಅವಳ ಕೈ ಹಿಡಿದು ಮಗಳ ಮುಂದೆ ನಿಲ್ಲಿಸಿದಳು.

“ನೀನೇ ಉಡಿಸು. ಸೊಂಟಕ್ಕೆ, ತಿಳೀತಾ? ಸೊಂಟಕ್ಕೆ!”

ಹೆಂಗಸರೆಲ್ಲ ಗೊಳ್ಳೆಂದರು. ರುಮಿಯಾತಿಯೂ ನಕ್ಕಳು. ಹುಡುಗಿಯ ಸೊಂಟಕ್ಕೆ ಬಟ್ಟೆ ಸುತ್ತಿ ನೆರಿಗೆ ಸರಿಮಾಡುವಾಗ ಬೆರಳು ಆ ಹೊಲಿಗೆಗೆ ತಾಕಿತು. ಅಲ್ಲೇ, ಅಷ್ಟು ಜನರ ಎದುರಿಗೇ, ಅವಳು ಬಿಕ್ಕಿ ಬಿಕ್ಕಿ ಅತ್ತಳು.