ಅಧ್ಯಕ್ಷರ ಹಾಲಿನ ಡಿಗ್ರಿ

ಅಧ್ಯಕ್ಷರ ಹಾಲಿಗೆ ಡಿಗ್ರಿ ಬರಲಿಲ್ಲ.

ಹೀಗೆಂದು ಹೇಳಿದವಳು ನನ್ನ ಚಿಕ್ಕಮ್ಮನ ಮಗಳು ಮಂಗಳ. ಹೇಳಿದ್ದು ಅಧ್ಯಕ್ಷರ ಮುಖಕ್ಕೇ. ಅವರ ಹಿಂದೆ ಕ್ಯಾನು ಹಿಡಿದು ಅರ್ಧ ಊರು ಸಾಲಾಗಿ ನಿಂತಿತ್ತು. ಆ ಸಾಲಿನಲ್ಲಿ ನಾನೂ ಇದ್ದೆ.

ಕೊಳ್ಳೇಗಾಲದಿಂದ ಸತ್ತೇಗಾಲದ ಬಸ್ಸು ಹತ್ತಿ ಸ್ವಲ್ಪ ಮೊದಲೇ ಇಳಿದರೆ ಆ ಊರು. (ಹೆಸರು ಬೇಡ. ಚಿಕ್ಕಮ್ಮ ನಾಳೆಯೂ ಅದೇ ಡೈರಿಗೆ ಹಾಲು ಹಾಕಬೇಕು.) ಮಂಗಳ ಆ ಡೈರಿಯಲ್ಲಿ ಟೆಸ್ಟರ್. ಊರಿನವರು ತಂದ ಹಾಲಿಗೆ ಲ್ಯಾಕ್ಟೋಮೀಟರ್ ಇಳಿಸಿ, ನೀರು ಬೆರೆತಿದೆಯೋ ಇಲ್ಲವೋ ಹೇಳುವುದು ಅವಳ ಕೆಲಸ. ನೀರು ಬೆರೆತಷ್ಟೂ ಆ ಗಾಜಿನ ಕೊಳವೆ ಆಳಕ್ಕಿಳಿಯುತ್ತದೆ, ಡಿಗ್ರಿ ಕಡಿಮೆ ತೋರಿಸುತ್ತದೆ. ಡಿಗ್ರಿ ಬಂದರೆ ಹಾಲು ಒಳಗೆ. ಬರದಿದ್ದರೆ ಕ್ಯಾನು ವಾಪಸ್. ಸೇರಿ ವರ್ಷಗಳಾದರೂ ಅವಳ ಕೆಲಸ ಇನ್ನೂ ಕಾಯಂ ಆಗಿಲ್ಲ. ಮಾಡಬೇಕಾದದ್ದು ಡೈರಿಯ ಆಡಳಿತ ಮಂಡಳಿ. ಮಂಡಳಿ ಅಂದರೆ ಅಧ್ಯಕ್ಷರು ಎಂದು ನಿಮಗೆ ಬೇರೆ ಹೇಳಬೇಕೇ?

ಆ ಡೈರಿಯಲ್ಲಿ ಮೊದಲು ಒಂದು ಪದ್ಧತಿ ಇತ್ತು. ಅಧ್ಯಕ್ಷರ ಮನೆಯ ಹಾಲನ್ನು ಟೆಸ್ಟ್ ಮಾಡುವಂತಿಲ್ಲ. ಕ್ಯಾನು ಬಂತು, ಸಾಲು ದಾಟಿತು, ಸುರಿಯಿತು, ಹೋಯಿತು. ಅದರ ಹಿಂದೆ ನಿರ್ದೇಶಕರ ಕ್ಯಾನು. ಅದರ ಹಿಂದೆ ನಿರ್ದೇಶಕರ ಭಾವಮೈದನ ಕ್ಯಾನು. ಪರೀಕ್ಷೆ ಇದ್ದದ್ದು ಒಂದೇ ಹಸು ಕಟ್ಟಿಕೊಂಡವರಿಗೆ. ಅವರೇನು ಕಡಿಮೆಯೇ? ಮೇಲಿನವರು ಚೊಂಬು ಬೆರೆಸಿದರೆ ಇವರು ಲೋಟ ಬೆರೆಸುತ್ತಿದ್ದರು. ಸಿಕ್ಕಿಬಿದ್ದವರು ಮಂಗಳನ ಮುಖ ನೋಡಿ, "ಅವ್ರುದ್ನೂ ನೋಡವ್ವ ಒಂದ್ಸಲ" ಎನ್ನುತ್ತಿದ್ದರು. ಅವಳು ತಲೆ ತಗ್ಗಿಸುತ್ತಿದ್ದಳು.

ಆಮೇಲೆ ಗುರುಸಿದ್ದಪ್ಪನವರು ಅಧ್ಯಕ್ಷರಾದರು. ಮೊದಲ ದಿನವೇ ಡೈರಿ ಮೆಟ್ಟಿಲ ಮೇಲೆ ನಿಂತು ಕೈಮುಗಿದರಂತೆ. "ಇವತ್ನಿಂದ ನನ್ ಆಲೇ ಮೊದ್ಲು ಟೆಸ್ಟ್ ಆಗ್ಬೇಕು. ಸರೀಗಿಲ್ದಿದ್ರೆ ಮೊದ್ಲು ನನ್ನೇ ವಾಪಸ್ ಕಳ್ಸಿ." ಚಪ್ಪಾಳೆ. ವಿಡಿಯೊ. ಸಂಜೆಯೊಳಗೆ ಅದು ಕೊಳ್ಳೇಗಾಲದಲ್ಲಿ ಕೂತ ನನ್ನ ಮೊಬೈಲಿಗೂ ಬಂತು.

ನಾನು ನಂಬಲಿಲ್ಲ. ಅತಿ ವಿನಯಂ ಧೂರ್ತ ಲಕ್ಷಣಂ. (ನನ್ನ ಬುದ್ಧಿ ನಿಮಗೆ ಗೊತ್ತಲ್ಲ. ತರಕಾರಿಯವನು ಕೊಸರು ಹಾಕಿದರೂ ಒಮ್ಮೆ ತಕ್ಕಡಿ ಕಡೆ ನೋಡುವವಳು ನಾನು.)

ಆದರೆ ಆ ಮನುಷ್ಯ ದಿನಾ ಬೆಳಿಗ್ಗೆ ಸಾಲಿಗೆ ಬಂದು ನಿಂತರು. ದಿನಾ ಅವರ ಹಾಲಿಗೆ ಡಿಗ್ರಿ ಬಂತು. ನಿರ್ದೇಶಕರು ಗೊಣಗಿಕೊಂಡೇ ಸಾಲಿಗೆ ಬಂದರು. ಹಾಲಿನ ವ್ಯಾನು ಹೋದ ಮೇಲೆ ಬರುತ್ತಿದ್ದ ಸೆಕ್ರೆಟರಿ, ಬಾಗಿಲು ತೆಗೆಯುವ ಹೊತ್ತಿಗೆ ಸ್ವೆಟರ್ ಹಾಕಿಕೊಂಡು ಹಾಜರ್. ಯಾರೂ ನೋಟಿಸ್ ಕೊಟ್ಟಿರಲಿಲ್ಲ, ಬೈದಿರಲಿಲ್ಲ. ಮೇಲಿನವರು ಸರಿಯಿದ್ದಾರೆ ಅಂದಮೇಲೆ ಕೆಳಗಿನವರಿಗೆ ನೆಪವೇ ಉಳಿಯಲಿಲ್ಲ. ನಮ್ಮ ಆಫೀಸುಗಳಲ್ಲಿ ಇಷ್ಟು ಬಯೋಮೆಟ್ರಿಕ್ ಯಂತ್ರ ತಂದು ಗೋಡೆಗೆ ಹೊಡೆದಿದ್ದಾರಲ್ಲ, ಅವುಗಳಿಗೆ ಹೆಬ್ಬೆಟ್ಟು ಒತ್ತದೆ ಒಳಗೆ ಹೋಗುವವರು ಯಾರು ಹೇಳಿ?

ಮಂಗಳ ಫೋನಿನಲ್ಲಿ ಹೇಳಿದಳು, "ಅಕ್ಕ, ಈಗ ಡ್ಯೂಟಿಗೆ ಓಗಕೆ ಖುಷಿ ಆಯ್ತದೆ." ಚಿಕ್ಕತಾಯಮ್ಮ ಅಂತ ಒಬ್ಬರಿದ್ದಾರೆ, ಒಂದೇ ಹಸು. ಬರೀ ಹಸಿಹುಲ್ಲು ಮೇಯಿಸಿ ಒಮ್ಮೆ ಅವರ ಹಾಲಿಗೆ ಡಿಗ್ರಿ ಕೂದಲೆಳೆಯಷ್ಟು ಕಡಿಮೆ ಬಂತಂತೆ. ನೀರು ಬೆರೆಸುವ ಹೆಂಗಸಲ್ಲ. "ಒಣುಲ್ಲೂ ಆಕಿ ಅಮ್ಮ, ಎಲ್ಡ್ ದಿನ ನೋಡವ" ಎಂದು ಇವಳು ಹಾಲು ತೆಗೆದುಕೊಂಡಳು. ಯಾರೂ ತಕರಾರು ಮಾಡಲಿಲ್ಲ. ನನ್ನ ಅನುಮಾನಕ್ಕೆ ನಾಚಿಕೆಯಾಯಿತು ಅಂತಲೇ ಇಟ್ಟುಕೊಳ್ಳಿ.

ಅಷ್ಟರಲ್ಲಿ ಚಿಕ್ಕಮ್ಮನಿಗೆ ಮಂಡಿನೋವು ಜಾಸ್ತಿಯಾಗಿ ನಾನು ಅಲ್ಲಿಗೆ ಹೋದೆ. ಬೆಳಿಗ್ಗೆ ಅವರ ಬದಲು ಕ್ಯಾನು ಹಿಡಿದು ನಾನೇ ಡೈರಿಗೆ ನಡೆದೆ. ಸಾಲಿನ ತಲೆಯಲ್ಲಿ ಅಧ್ಯಕ್ಷರು. ಮಂಗಳ ಎಂದಿನಂತೆ ಹಾಲು ತೆಗೆದಳು, ಲ್ಯಾಕ್ಟೋಮೀಟರ್ ಇಳಿಸಿದಳು. ಅದು ಇಳಿಯಿತು. ಇಳಿಯಬೇಕಾದದ್ದಕ್ಕಿಂತ ಹೆಚ್ಚೇ ಇಳಿಯಿತು.

"ಸರ್ಯಾಗಿ ನೋಡವ್ವ, ನೊರೆ ಇರ್ಬೇಕು" ಎಂದರು ಸೆಕ್ರೆಟರಿ.

ಅವಳು ನೊರೆ ಊದಿ ಮತ್ತೆ ನೋಡಿದಳು. ಕಾಯಂ ಮಾಡುವ ವಿಷಯ ಮುಂದಿನ ಮೀಟಿಂಗಿನಲ್ಲಿತ್ತು. ಸಾಲಿನಲ್ಲಿದ್ದ ಎಲ್ಲರಿಗೂ ಅದು ಗೊತ್ತಿತ್ತು. 'ಬಂತು ಅಂದುಬಿಡು ಮಾರಾಯ್ತಿ' ಎಂದು ನಾನು ಒಳಗೊಳಗೇ ಬೇಡಿಕೊಂಡೆ. (ಹೌದು, ಊರಿಗೆಲ್ಲ ಬುದ್ಧಿ ಹೇಳುವ ಅಂಕಣ ಬರೆಯುವ ನಾನೇ.)

"ಡಿಗ್ರಿ ಬರ್ನಿಲ್ಲ ಸಾ. ವಾಪಸ್ ತಕಂಡೋಗಿ."

ಅಧ್ಯಕ್ಷರು ಸೆಕ್ರೆಟರಿಯ ಮುಖ ನೋಡಿದರು. ಸೆಕ್ರೆಟರಿ ನೆಲ ನೋಡಿದರು. ಆಮೇಲೆ ಅಧ್ಯಕ್ಷರು ಜೋರಾಗಿ ನಕ್ಕರು.

"ಶಹಬ್ಬಾಸ್ ಕಣವ್ವ. ನಾನೇ ಒಂದ್ ಚೊಂಬು ನೀರ್ ಬೆರ್ಸಿದ್ದೆ. ನಮ್ ಸ್ಟಾಫು ಎಷ್ಟು ನಿಯತ್ತಾಗಿ ಅವ್ರೆ ನೋಡವ ಅಂತ."

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಕ್ಯಾನನ್ನು ಕೆಳಗಿಡಲಿಲ್ಲ.

ಆ ನಗು ಯಾಕೆ ಅಷ್ಟು ತಡವಾಗಿ ಬಂತು? ಪರೀಕ್ಷೆ ಮಾಡಿದವರು ಉತ್ತರ ಸಿಕ್ಕ ಕೂಡಲೇ ನಗುತ್ತಾರೆ. ನೆಪ ಹುಡುಕುವವರಿಗೆ ತುಸು ಹೊತ್ತು ಬೇಕು. ಮನೆಯಲ್ಲಿ ಬೇರೆ ಯಾರೋ ನೀರು ಸುರಿದು, ಇವರು ಸಿಕ್ಕಿಬಿದ್ದು, ಆ ಗಳಿಗೆಯಲ್ಲಿ ಪರೀಕ್ಷೆಯ ಕಥೆ ಕಟ್ಟಿದರೇ? ನನಗೆ ಗೊತ್ತಿಲ್ಲ. ಇಲ್ಲ, ಅವರು ಹೇಳಿದ್ದೇ ನಿಜ ಎನ್ನೋಣ. ಅದು ಇನ್ನೂ ಕೆಟ್ಟದ್ದಲ್ಲವೇ? ಹೊಟ್ಟೆಪಾಡಿಗೆ ದುಡಿಯುವ ಹೆಣ್ಣುಮಗಳನ್ನು ಊರ ಮುಂದೆ ಹಗ್ಗದ ಮೇಲೆ ನಡೆಸಿ, ಬೀಳಲಿಲ್ಲ ಎಂದು ಬೆನ್ನು ತಟ್ಟುವುದು ಯಾವ ಸೀಮೆಯ ನೀತಿ? ನನಗೆ ಸಿಟ್ಟು ಬಂತು. ಈಗಲೂ ಇದೆ.

ನಿಯತ್ತು ಮೇಲಿನಿಂದ ಕೆಳಗಿಳಿಯುತ್ತದೆ ಎಂದು ಕಣ್ಣಾರೆ ಕಂಡಿದ್ದೆನಲ್ಲ, ಅನುಮಾನವೂ ಹಾಗೆಯೇ ಇಳಿಯಿತು. ಅದು ಇನ್ನೂ ಬೇಗ. ವಾರದೊಳಗೆ ಸೆಕ್ರೆಟರಿ ತಾವೂ ಗುಟ್ಟಾಗಿ ಬೇರೆಯವರ ಕೈಲಿ ನೀರು ಬೆರೆಸಿದ ಹಾಲು ಕಳಿಸಿ ಮಂಗಳನನ್ನು ಪರೀಕ್ಷಿಸತೊಡಗಿದರು. ಹಾಲು ಅಳೆಯುವವನು ಸೆಕ್ರೆಟರಿಯ ಮೇಲೆ ಕಣ್ಣಿಟ್ಟ. ಮಂಗಳ ಪ್ರತಿ ಕ್ಯಾನಿನ ಹಿಂದೆಯೂ ಯಾರನ್ನೋ ಹುಡುಕತೊಡಗಿದಳು.

ಚಿಕ್ಕತಾಯಮ್ಮನ ಹಾಲಿಗೆ ಮತ್ತೊಮ್ಮೆ ಡಿಗ್ರಿ ಕೂದಲೆಳೆಯಷ್ಟು ಕಡಿಮೆ ಬಂತು. ಈ ಸಲ ಮಂಗಳ ಕ್ಯಾನು ವಾಪಸ್ ಕಳಿಸಿದಳು.

"ಒಣುಲ್ಲು ಮುಗ್ದೋಗದೆ ಕಣ್ ಮಗಾ. ನಾನು ನೀರ್ ಬೆರ್ಸೋಳಾ?" ಎಂದು ಆ ಹೆಂಗಸು ಕಣ್ಣೊರೆಸಿಕೊಂಡು ಹೋದರಂತೆ.

"ನಂಗೊತ್ತು ಅಕ್ಕ, ಅವ್ರು ಬೆರ್ಸಲ್ಲ" ಎಂದಳು ಮಂಗಳ. "ಆದ್ರೆ ಅವ್ರ್ ಕೈಲಿ ಯಾರ್ ಕಳ್ಸವ್ರೋ, ನಂಗೇನ್ ಗೊತ್ತು?"

ತಿಂಗಳ ಹಿಂದೆ ಡ್ಯೂಟಿಗೆ ಹೋಗಲು ಖುಷಿ ಎಂದಿದ್ದವಳು ಇವಳೇ. ಕಳ್ಳರ ಕೈಕೆಳಗೆ ದುಡಿದಾಗಲೂ ಚಿಕ್ಕತಾಯಮ್ಮನಂಥವರನ್ನು ಅಳಿಸಿರಲಿಲ್ಲ.

ಕಳೆದ ವಾರ ಡೈರಿಯ ಸಭೆ ಇತ್ತು. ಮಂಗಳನಿಗೆ ಶಾಲು, ಹಾರ. ನಿಯತ್ತಿನ ಟೆಸ್ಟರನ್ನು ಕಾಯಂ ಮಾಡುತ್ತೇವೆ, ಆರ್ಡರ್ ಎರಡು ದಿನದಲ್ಲಿ ಕೈಗೆ ಬರುತ್ತದೆ ಎಂದು ಅಧ್ಯಕ್ಷರು ಮೈಕಿನಲ್ಲಿ ಹೇಳಿದರಂತೆ. ಹಿಂದಿನ ದಿನ ಅವಳು ನನಗೆ ಫೋನ್ ಮಾಡಿ, "ಅಕ್ಕ, ಅವ್ರುನ್ನ ಒಂದ್ ಮಾತು ಕೇಳ್ಬೇಕು" ಎಂದಿದ್ದಳು. ಮೊದಲು ಆರ್ಡರ್ ಕೈಗೆ ಬರಲಿ, ಆಮೇಲೆ ಏನು ಬೇಕಾದರೂ ಕೇಳಿಕೋ ಎಂದು ನಾನು ಗದರಿಸಿದ್ದೆ.

ಅವಳು ಕಾಯಲಿಲ್ಲ. ಶಾಲು ಹೊದಿಸಿ, ಎರಡು ಮಾತಾಡವ್ವ ಎಂದು ಮೈಕ್ ಕೈಗೆ ಕೊಟ್ಟಾಗ ಕೇಳಿಯೇಬಿಟ್ಟಳಂತೆ.

"ಸಾ, ಅವತ್ತು ನಾನು ಎದ್ರುಕಂಡು ಡಿಗ್ರಿ ಬಂದದೆ ಅಂದುಬುಟ್ಟಿದ್ರೆ, ನೀರ್ ಬೆರ್ಸಿವ್ನಿ ಅಂತ ನೀವು ಏಳ್ತಿದ್ರಾ, ಇಲ್ಲ ಆಲು ಸುರ್ದು ಸುಮ್ಕೆ ಮನ್ಗೆ ಓಯ್ತಿದ್ರಾ?"

ಉತ್ತರ ಇನ್ನೂ ಬಂದಿಲ್ಲ. ಆರ್ಡರೂ.