ಆಷಾಢಕ್ಕೆ ಮೊದಲೇ ತೆಗೆಸಿದ ಟಿ.ಸಿ.

ಶರಣ್ಯಾ ಅಸಾಧಾರಣ ಬುದ್ಧಿವಂತೆಯಲ್ಲ. ಕೂತು ಓದುವವಳು, ಓದಿದ್ದನ್ನು ಬರೆದು ನೋಡುವವಳು, ಅಷ್ಟೇ. ಗೋವಿಂದರಾಜನಗರದಲ್ಲಿ ನಮ್ಮ ಎದುರಿಗೆ, ಮೊದಲ ಮಹಡಿಯಲ್ಲಿ ಅವರ ಬಾಡಿಗೆ ಮನೆ. ತಂದೆ ಗಂಗಾಧರಯ್ಯ ಮಾಗಡಿ ರಸ್ತೆಯ ಟೈಲ್ಸ್ ಅಂಗಡಿಯೊಂದರಲ್ಲಿ ಬಿಲ್ ಬರೆಯುತ್ತಾರೆ. ತಾಯಿ ಶಿವಗಂಗಮ್ಮ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ.

ಕೆಂಗೇರಿಯ ಆಚೆ ಒಂದು ಸಣ್ಣ ಕಾಲೇಜಿನಲ್ಲಿ ಶರಣ್ಯಾ ಬಿ.ಎಸ್ಸಿ. ಮೊದಲ ವರ್ಷ ಓದಿದಳು. ಅಲ್ಲಿ ಕೆಮಿಸ್ಟ್ರಿಗೆ ಪಾಠ ಮಾಡುವವರೇ ಇರಲಿಲ್ಲ. ಲ್ಯಾಬಿನ ಬೀಗ ತೆರೆಯುತ್ತಿದ್ದುದು ಪರೀಕ್ಷೆಯ ಹಿಂದಿನ ವಾರ. ಎರಡನೇ ವರ್ಷಕ್ಕೆ ರಾಜಾಜಿನಗರದ ಕಾಲೇಜಿಗೆ ಹೋಗಬೇಕೆಂದು ಅವಳೇ ಓಡಾಡಿದಳು. ಅಲ್ಲಿನ ಪ್ರಿನ್ಸಿಪಾಲರು ಒಪ್ಪಿ, ಒಂದು ಷರತ್ತು ಹಾಕಿದರು: ವರ್ಷದ ಕೊನೆಯ ಪರೀಕ್ಷೆಯಲ್ಲಿ ಫಸ್ಟ್ ಕ್ಲಾಸ್ ಬರಬೇಕು.

ಕೆಮಿಸ್ಟ್ರಿ ಪೇಪರು ಕೆಟ್ಟಿತು. ಮನೆಯಲ್ಲಿ ಕೇಳಿದಾಗ "ಪರವಾಗಿಲ್ಲ" ಎಂದಳು. ಆಮೇಲೆ ಊಟ ಕಡಿಮೆಯಾಯಿತು, ಮಾತು ಕಡಿಮೆಯಾಯಿತು. ಒಂದು ಸಂಜೆ ನಮ್ಮ ಮನೆಗೆ ದಿನಪತ್ರಿಕೆ ಓದುವ ನೆಪದಲ್ಲಿ ಬಂದು, ಪುಟ ತಿರುಗಿಸುತ್ತ ಕೇಳಿದಳು:

"ಆಂಟಿ, ಒಂದ್ ಸಬ್ಜೆಕ್ಟ್ ಹೋದ್ರೆ ಬೇರೆಯವು ಎತ್ತುತ್ವಾ?"

"ಎತ್ತಬಹುದು, ಎತ್ತದೇನೂ ಇರಬಹುದು. ಮೊದಲು ನಿಮ್ಮಪ್ಪನಿಗೆ ಹೇಳು."

ಹೇಳಲಿಲ್ಲ. ಅಷ್ಟರಲ್ಲಿ ಆಷಾಢ ಹತ್ತಿರ ಬಂತು. ಬಸವಣ್ಣನ ಪಟಕ್ಕೆ ದಿನವೂ ಹೂವಿಡುವ ಮನೆಯಲ್ಲಿ ಒಂದು ತಿಂಗಳಿಗೆ ಹೆದರುವುದೇಕೆಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ಗಂಗಾಧರಯ್ಯನವರ ತಂಗಿಗೆ ಆಷಾಢದಲ್ಲಿ ಗೊತ್ತಾದ ಸಂಬಂಧ ಮುರಿದಿತ್ತಂತೆ. ಅಂದಿನಿಂದ ಅವರು ಆ ತಿಂಗಳಲ್ಲಿ ಹೊಸ ಚಪ್ಪಲಿಯನ್ನೂ ಮೆಟ್ಟುವುದಿಲ್ಲ.

"ಆಷಾಢ ಹುಟ್ಟೋದ್ರೊಳಗೆ ಟಿ.ಸಿ. ತೆಗ್ಸಿ ಅಲ್ಲಿ ಕೊಟ್ಬಿಡೋಣ ಕಣೇ" ಎಂದರು ಮಗಳಿಗೆ.

"ರಿಸಲ್ಟ್ ಬರ್ಲಿ ಅಪ್ಪ."

"ಅದು ಬರೋದು ಆಷಾಢದಲ್ಲೇ. ಯಾಕೆ, ಚೆನ್ನಾಗಿ ಬರ್ದಿಲ್ವಾ?"

"ಬರ್ದಿದೀನಿ" ಎಂದಳು ಶರಣ್ಯಾ.

ಕೆಂಗೇರಿ ಕಾಲೇಜಿನ ಗುಮಾಸ್ತ ಕೆಂಚಪ್ಪ ಟಿ.ಸಿ. ಕೊಡಲು ಹಿಂದೆಮುಂದೆ ನೋಡಿದನಂತೆ.

"ರಿಸಲ್ಟ್ ಆದ್ಮೇಲೆ ತಗೊಳ್ಳಿ ಸಾರ್. ಒಂದ್ಸಲ ಹೆಸರು ಹೊಡೆದು ಹಾಕಿದ್ರೆ ವಾಪಸ್ ಬರೆಯೋಕೆ ನಮ್ ಕೈಲಾಗಲ್ಲ."

"ನನ್ ಮಗಳ ಮೇಲೆ ನಿಮಗೆ ಅನುಮಾನ ಬೇಡ."

"ಅವಳ ಮೇಲೆ ಏನಿಲ್ಲ ಸಾರ್. ನಮ್ ಕಾಲೇಜಿನ ಮೇಲೇ ಅನುಮಾನ."

ಗಂಗಾಧರಯ್ಯ ನಕ್ಕು ಸಹಿ ಹಾಕಿದರು. ಪಕ್ಕದಲ್ಲಿದ್ದ ಶರಣ್ಯಾ ನಗಲಿಲ್ಲ. ಅದೇ ದಿನ ಟಿ.ಸಿ.ಯನ್ನು ರಾಜಾಜಿನಗರದಲ್ಲಿ ಕೊಟ್ಟರು, ಗೇಟಿನ ಬಳಿ ಕಾಯಿ ಒಡೆದರು, ಬೀದಿಯ ಮನೆಗಳಿಗೆಲ್ಲ ಪೇಡ ಹಂಚಿದರು.

ಫಲಿತಾಂಶ ಬಂತು. ಎಲ್ಲ ವಿಷಯದಲ್ಲೂ ಪಾಸು, ಆದರೆ ಕೆಮಿಸ್ಟ್ರಿ ಕೆಳಗೆಳೆದಿತ್ತು. ಫಸ್ಟ್ ಕ್ಲಾಸ್ ಇರಲಿಲ್ಲ. ರಾಜಾಜಿನಗರದ ಪ್ರಿನ್ಸಿಪಾಲರು ಕೂರಿಸಿ ಮಾತಾಡಿಸಿ, ಟಿ.ಸಿ. ಹಿಂದಿರುಗಿಸಿದರು. ಅವರದೇನೂ ತಪ್ಪಿಲ್ಲ, ಹೇಳಿದ ಮಾತಿನಂತೆ ನಡೆದುಕೊಂಡರು. ಅಪ್ಪ, ಮಗಳು ಅಲ್ಲಿಂದ ನೇರ ಕೆಂಗೇರಿಗೆ ಹೋದರು. ಈ ಸಲ ಕೆಂಚಪ್ಪ ತಮಾಷೆ ಮಾಡಲಿಲ್ಲ.

"ಪಟ್ಟಿ ಯೂನಿವರ್ಸಿಟಿಗೆ ಹೋಗಿದೆ ಸಾರ್. ಇನ್ನೇನಿದ್ರೂ ಮುಂದಿನ ವರ್ಷ."

ಹಿಂದಿರುಗುವ ಬಸ್ಸಿನಲ್ಲಿ ಗಂಗಾಧರಯ್ಯ ಕೇಳಿದರು: "ಅವತ್ತೇ ಹೇಳ್ಬಾರ್ದಾಗಿತ್ತೇನೇ?"

"ಹೇಳಿದ್ರೆ ನಿಲ್ಲಿಸ್ತಿದ್ರಾ ಅಪ್ಪ?"

ನಿಲ್ಲಿಸುತ್ತಿದ್ದರೋ ಇಲ್ಲವೋ ಅವರಿಗೂ ಗೊತ್ತಿರಲಿಲ್ಲ.

ಮುಂದಿನ ವರ್ಷ ಸೇರಿಸುವುದೆಂದು ಮನೆಯಲ್ಲಿ ತೀರ್ಮಾನವಾಯಿತು. ಅಲ್ಲಿಯವರೆಗೆ ಶರಣ್ಯಾ ತಾಯಿಯ ಜೊತೆ ಕೂತು ಬ್ಲೌಸಿಗೆ ಹುಕ್ ಹಾಕತೊಡಗಿದಳು. ಹುಡುಗಿ ಮನೆಯಲ್ಲಿ ಸುಮ್ಮನಿದ್ದಾಳೆಂಬ ಸುದ್ದಿ ಸೋದರಮಾವ ಶಂಭುಲಿಂಗಪ್ಪನವರಿಗೆ ತಲುಪಿತು. ಆಷಾಢ ಕಳೆದ ಮೇಲೆ ಅವರು ಶ್ರೀಗಂಧದ ಕಾವಲು ಬಡಾವಣೆಯಿಂದ ಒಂದು ಸಂಬಂಧ ತಂದರು. "ನೋಡ್ಕೊಂಡು ಹೋಗ್ತಾರೆ, ಅಷ್ಟೇ" ಎಂದರು. ಹುಡುಗ ಶಿವಕಿರಣ್ ಕೊರಿಯರ್ ಕಂಪನಿಯಲ್ಲಿ ಸೂಪರ್‌ವೈಸರ್.

ಅವರು ಬಂದ ಭಾನುವಾರ ನನ್ನನ್ನೂ ಕರೆದಿದ್ದರು. ಹುಡುಗನ ತಾಯಿ ಉಪ್ಪಿಟ್ಟಿನ ತಟ್ಟೆ ಹಿಡಿದು ಕೇಳಿದರು:

"ಯಾವ ಕಾಲೇಜಮ್ಮ ನಿಂದು?"

"ಬಿ.ಎಸ್ಸಿ. ಓದ್ತಾ ಇದಾಳೆ" ಎಂದರು ಶಿವಗಂಗಮ್ಮ ಅವಸರದಲ್ಲಿ.

"ಇಲ್ಲ ಆಂಟಿ" ಎಂದಳು ಶರಣ್ಯಾ. "ಟಿ.ಸಿ. ತಗೊಂಡಾಗಿದೆ. ಈಗ ಯಾವ ಕಾಲೇಜಲ್ಲೂ ಇಲ್ಲ."

ನಿಜ ಹೇಳಿದರೆ ಬಂದವರು ಎದ್ದು ಹೋದಾರೆಂದು ಎಣಿಸಿದ್ದಳೋ ಏನೋ. ಶಿವಗಂಗಮ್ಮ ತಲೆ ತಗ್ಗಿಸಿದರು. ಆ ಹೆಂಗಸು ಮಾತ್ರ ಸಮಾಧಾನದಿಂದ ತಟ್ಟೆ ಕೆಳಗಿಟ್ಟರು.

"ಒಳ್ಳೇದೇ ಆಯ್ತು ಬಿಡಿ. ಮಧ್ಯದಲ್ಲಿ ಬಿಡಿಸೋ ತಾಪತ್ರಯ ನಮಗಿಲ್ಲ."

ಗಂಗಾಧರಯ್ಯ ಮಗಳ ಕಡೆ ನೋಡದೆ, ಹೌದು ಹೌದು ಎನ್ನುವಂತೆ ತಲೆಯಾಡಿಸಿದರು.