ಒಂಬತ್ತು ತೂತಿನ ಮದರ್‌ಬೋರ್ಡ್

ಕಳೆದ ವರ್ಷ ಆಗಸ್ಟ್ ತಿಂಗಳ ಎರಡನೆಯ ಶನಿವಾರ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ನನ್ನ ಅಣ್ಣ ಆರ್.ಟಿ. ನಗರದ ಕಂಪ್ಯೂಟರ್ ಅಂಗಡಿಯೊಂದರ ಕೌಂಟರಿನ ಮೇಲೆ ಖಾಲಿ ತಗಡಿನ ಕ್ಯಾಬಿನೆಟ್ ಇಟ್ಟು, ಇದರೊಳಗೆ ಕೂರುವ ಮದರ್‌ಬೋರ್ಡ್ ಬೇಕು ಎಂದು ಕೇಳಿದ.

ಅಂಗಡಿಯ ಮಾಲೀಕರು ಐವತ್ತು ದಾಟಿದವರು. ಒಳಗಿನ ಕೋಣೆಯಲ್ಲಿದ್ದ ತಮ್ಮನ ಜೊತೆ ಉರ್ದುವಿನಲ್ಲಿ ಮಾತಾಡುತ್ತಿದ್ದವರು ಅಲ್ಲಿಗೇ ನಿಲ್ಲಿಸಿ ಕ್ಯಾಬಿನೆಟ್ಟನ್ನು ಸುತ್ತಲೂ ತಿರುಗಿಸಿ ನೋಡಿದರು.

"ಎಲ್ಲಿ ತಗೊಂಡ್ರಿ ಸಾರ್ ಇದು?"

"ತಗೊಂಡಿಲ್ಲ ಭಾಯ್, ಮಾಡಿದ್ದು."

"ಅರೇ! ಎಲ್ರೂ ಹುಡುಗಿ ಒಪ್ಕೊಂಡ ಮೇಲೆ ಛತ್ರ ಬುಕ್ ಮಾಡ್ತಾರೆ. ನೀವು ಛತ್ರಾನೇ ಹೊತ್ಕೊಂಡು ಬಂದ್ಬಿಟ್ರಲ್ಲ ಸಾರ್."

"ನಮ್ ಪೀಣ್ಯದಲ್ಲಿ ಹಂಗೇ ಭಾಯ್. ಮೊದ್ಲು ಹಿಡಿಯೋ ಚೌಕಟ್ಟು ರೆಡಿ ಆಗ್ಬೇಕು, ಆಮೇಲೆ ಅದ್ರೊಳಗೆ ಕೂರೋ ಸಾಮಾನು ಬರ್ಬೇಕು."

ಅಣ್ಣ ಪೀಣ್ಯದ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದ್ದ. ಅಚ್ಚುಗಳನ್ನು ಕೈಯಿಂದ ಕೊರೆದು, ಉಜ್ಜಿ, ಅಳತೆಗೆ ತರುವುದು ಅವನ ಕೆಲಸ. ಮನೆ ದಾಸರಹಳ್ಳಿಯಲ್ಲಿ. ಡಿಗ್ರಿ ಎರಡನೇ ವರ್ಷದಲ್ಲಿದ್ದ ಮಗಳು ಗೇಮ್ ಆಡಲು ಕಂಪ್ಯೂಟರನ್ನು ತಾನೇ ಜೋಡಿಸುತ್ತೇನೆ ಎಂದು ಪಟ್ಟಿ ಮಾಡಿದಾಗ, ಕ್ಯಾಬಿನೆಟ್ ಮಾತ್ರ ನನ್ನದು ಎಂದು ಇವನು ಹೇಳಿದ್ದ. ಕಾರ್ಖಾನೆಯ ಆಫೀಸಿನವರು ಗುಜರಿಗೆ ಹಾಕಿದ ಕಂಪ್ಯೂಟರಿನಿಂದ ಬೋರ್ಡ್ ಬಿಚ್ಚಿ, ಅಳತೆ ತೆಗೆದು, ನಕ್ಷೆ ಬರೆದು, ಪಕ್ಕದ ಶೆಡ್ಡಿನ ಲೇಸರ್ ಯಂತ್ರದಲ್ಲಿ ತಗಡು ಕತ್ತರಿಸಿದ. ಎಂಟು ಎಂಎಂ ಬೋಲ್ಟ್ ಯಾವ ಅಂಗಡಿಯಲ್ಲಿ ಕೊಂಡರೂ ಎಂಟು ಎಂಎಂ. ಮದರ್‌ಬೋರ್ಡ್ ಕೂಡ ಹಾಗೇ ಇರುತ್ತದೆ ಎಂದು ಅವನು ತಿಳಿದಿದ್ದ.

ಮಾಲೀಕರು ಡ್ರಾಯರಿನಿಂದ ಕೆಟ್ಟುಹೋದ ಬೋರ್ಡೊಂದನ್ನು ತೆಗೆದು ಒಳಗಿಟ್ಟರು. ಸ್ಕ್ರೂ ಹಾಕುವ ಒಂಬತ್ತು ತೂತುಗಳಲ್ಲಿ ಎರಡು ಮಾತ್ರ ಹೊಂದಿದವು. ಗುಜರಿಯ ಆ ಬೋರ್ಡನ್ನು ಅದರ ಕಂಪನಿ ತನ್ನದೇ ಬೇರೆ ಅಳತೆಯಲ್ಲಿ ಮಾಡಿತ್ತು.

"ನಕ್ಷೆ ತಪ್ಪಿಲ್ಲ," ಎಂದ ಅಣ್ಣ.

"ತಪ್ಪಿಲ್ಲ ಸಾರ್. ಆದ್ರೆ ಆ ಬೋರ್ಡ್ ಈಗ ಯಾರೂ ಮಾಡಲ್ಲ. ರೆಡಿ ಕ್ಯಾಬಿನೆಟ್ ತಗೊಂಡ್ಬಿಡಿ."

"ಒಳಗಿನ ತಟ್ಟೆ ಒಂದು ಬದಲಾಯಿಸಿದ್ರೆ ಸಾಕಲ್ವಾ?"

"ಸಾಕು. ಬೋರ್ಡ್ ಎತ್ತಿ ನಿಲ್ಲಿಸೋ ಹಳೇ ಹಿತ್ತಾಳೆ ಗೂಟ ಒಂದೂ ಉಳೀಬಾರ್ದು ನೋಡಿ. ಬೋರ್ಡ್ ಬೆನ್ನಿಗೆ ತಾಗಿದ್ರೆ ಶಾರ್ಟ್ ಆಗಿ ಸುಟ್ಟೋಗತ್ತೆ."

ನಂತರ ಅವರು ಮೂರು ಪೆಟ್ಟಿಗೆಗಳನ್ನು ಸಾಲಾಗಿ ಇಟ್ಟರು. ಪುಟ್ಟ ಬೋರ್ಡಿಗೆ ನಾಲ್ಕು ತೂತು, ನಡುವಿನದಕ್ಕೆ ಎಂಟು, ದೊಡ್ಡದಕ್ಕೆ ಒಂಬತ್ತು. ಮಗಳ ಪಟ್ಟಿಯಲ್ಲಿದ್ದ ಪ್ರೊಸೆಸರ್ ಮೂರಕ್ಕೂ ಕೂರುತ್ತದೆ, ಆಟಕ್ಕೆ ಮೂರೂ ಸಾಕು ಎಂದು ವಿವರಿಸಿದರು. ಅಣ್ಣ ಪೆಟ್ಟಿಗೆಯ ಮೇಲಿನ ಬೇರೆ ಏನನ್ನೂ ಓದಲಿಲ್ಲ. ಅಷ್ಟರಲ್ಲಿ ಕಾಲೇಜಿನಿಂದ ಅವನ ಮಗಳು, ಪಕ್ಕದಲ್ಲೇ ನಿಂತಿದ್ದ ನನಗೆ ಫೋನ್ ಮಾಡಿದಳು.

"ಅತ್ತೆ, ಏನ್ ಮಾಡ್ತಿದ್ದಾನೆ ಅಪ್ಪ?"

"ತೂತು ಎಣಿಸ್ತಿದ್ದಾನೆ."

"ಅಯ್ಯೋ ದೇವ್ರೇ. ರ‍್ಯಾಮ್ ಜಾಗ ನಾಲ್ಕಿದೆಯಾ ಕೇಳು ಅತ್ತೆ, ಪ್ಲೀಸ್. ಅವನು ನಟ್ಟು ಬೋಲ್ಟ್ ನೋಡ್ಕೊಂಡು ಬಂದ್ಬಿಡ್ತಾನೆ."

ದೊಡ್ಡದಕ್ಕೆ ನಾಲ್ಕಿತ್ತು. ಅಣ್ಣ ಅದಕ್ಕೂ ಮೊದಲೇ ದೊಡ್ಡದರ ಮೇಲೆ ಕೈಯಿಟ್ಟಿದ್ದ.

"ಚಿಕ್ಕದಾದ್ರೆ ನಾಲ್ಕೇ ತೂತಲ್ಲಿ ಮುಗಿಯತ್ತೆ ಸಾರ್," ಎಂದರು ಮಾಲೀಕರು. "ಒಂಬತ್ತು ಹೊಡೆದು ಏನ್ ಸಿಗತ್ತೆ?"

"ಕೈಗೆ ಕೆಲ್ಸ ಸಿಗತ್ತೆ ಭಾಯ್."

ಅವನ ಬಲಗೈ ಮಾರ್ಚ್ ತಿಂಗಳಿಂದ ನಡುಗುತ್ತಿತ್ತು. ನೀವು ಹೆದರಿದ ಕಾಯಿಲೆ ಇದಲ್ಲ, ಆದರೆ ಪೂರ್ತಿ ಹೋಗುವುದೂ ಇಲ್ಲ ಎಂದು ಡಾಕ್ಟರು ಹೇಳಿದ್ದರು. ಜುಲೈಯಲ್ಲಿ ಕಾರ್ಖಾನೆ ಅವನಿಗೆ ಒಂದು ಫಾರಂ ಕೊಟ್ಟಿತು. ಬೆಂಚಿನಲ್ಲೇ ಮುಂದುವರಿಯುತ್ತೀರೋ, ಸ್ಟೋರ್ಸಿಗೆ ಹೋಗುತ್ತೀರೋ, ಆಗಸ್ಟ್ ಮುಗಿಯುವುದರೊಳಗೆ ಬರೆದುಕೊಡಿ. ಸಂಬಳದಲ್ಲಿ ವ್ಯತ್ಯಾಸವಿರಲಿಲ್ಲ. ಬೆಂಚೆಂದರೆ ಅವನು ಮೂವತ್ತೊಂದು ವರ್ಷ ನಿಂತ ಜಾಗ. ಸ್ಟೋರ್ಸ್ ಎಂದರೆ ಬೇರೆಯವರು ಮಾಡಿದ್ದನ್ನು ಕಪಾಟಿನಲ್ಲಿಟ್ಟು ಕೇಳಿದವರಿಗೆ ತೆಗೆದುಕೊಡುವುದು. ಅವನು ಫಾರಂ ತುಂಬಿರಲಿಲ್ಲ.

ದೊಡ್ಡ ಬೋರ್ಡನ್ನು ಅವನ ಹೆಸರಿಗೆ ಎತ್ತಿಟ್ಟು, ಅಳತೆಗೆಂದು ಕೆಟ್ಟ ಬೋರ್ಡನ್ನು ಮಾಲೀಕರು ಹಾಗೇ ಕೊಟ್ಟರು. ನಾನು ಕಾರು ಓಡಿಸುತ್ತಿದ್ದೆ. ಹೆಬ್ಬಾಳದ ಮೇಲ್ಸೇತುವೆ ಹತ್ತುವ ಮೊದಲು ವಾಹನಗಳು ನಿಂತಿದ್ದಾಗ ಅಣ್ಣ ಮಾತು ತೆಗೆದ.

"ಒಂಬತ್ತೂ ಗುರುತಿನ ಮೇಲೆ ಬಂದ್ರೆ ಬೆಂಚ್. ಇಲ್ಲಾಂದ್ರೆ ಸ್ಟೋರ್ಸ್ ಅಂತ ಬರ್ದುಕೊಡ್ತೀನಿ."

"ಒಂದು ಆಚೀಚೆ ಆದ್ರೂನಾ?"

"ಒಂದಾದ್ರೂ."

"ನಮ್ ಪೇಪರ್ನಲ್ಲಿ ತಪ್ಪು ಬಿದ್ರೆ ಮಾರನೇ ದಿನ ತಿದ್ದುಪಡಿ ಹಾಕ್ತೀವಿ ಕಣೋ ಅಣ್ಣ."

"ನಿಮ್ದು ಪೇಪರ್ರು. ತಗಡಿಗೆ ಮಾರನೇ ದಿನ ಇಲ್ಲ."

ಮರುದಿನ ಭಾನುವಾರ ಬೆಳಿಗ್ಗೆ ಅವನ ಮನೆಯ ತಾರಸಿಯಲ್ಲಿ ಕೆಲಸ ಶುರುವಾಯಿತು. ಒಗೆದ ಬಟ್ಟೆಗಳನ್ನು ಒಂದು ಬದಿಗೆ ಸರಿಸಿ, ನೀರಿನ ಟ್ಯಾಂಕಿನ ನೆರಳಿನಲ್ಲಿ ಹಲಗೆ ಹಾಕಿ, ಅದರ ಮೇಲೆ ಹೊಸ ತಗಡು ಇಟ್ಟ. ಗೀರು ಎದ್ದು ಕಾಣಲೆಂದು ತಗಡಿಗೆ ನೀಲಿ ಬಣ್ಣ ಬಳಿದು ಒಣಗಿಸಿದ. ಕೆಟ್ಟ ಬೋರ್ಡನ್ನು ಅದರ ಮೇಲೆ ಬಿಗಿಯಾಗಿ ಹಿಡಿಸಿ, ಪ್ರತಿ ತೂತಿನ ಒಳಗಿಂದ ಉಕ್ಕಿನ ಮೊನೆಯಿಂದ ಗೀರಿದ. ಬೋರ್ಡ್ ತೆಗೆದಾಗ ನೀಲಿಯ ಮೇಲೆ ಒಂಬತ್ತು ಸಣ್ಣ ಉಂಗುರಗಳಿದ್ದವು. ಪ್ರತಿ ಉಂಗುರದ ನಡುವೆ ಗುಳಿ ಬೀಳಿಸುವ ಚೂಪು ಉಕ್ಕಿನ ಪಂಚ್ ಇಟ್ಟು ಸುತ್ತಿಗೆಯಿಂದ ಒಂದೇ ಏಟು, ಆಮೇಲೆ ಕೈ ಡ್ರಿಲ್.

ಮಗಳು ತಗಡು ಹಿಡಿದುಕೊಂಡಿದ್ದಳು. ಅಣ್ಣ ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡಿದ್ದ. ಪಂಚಿನ ಮೊನೆ ಗಾಳಿಯಲ್ಲಿದ್ದಾಗ ನಡುಗುತ್ತಿತ್ತು, ತಗಡಿಗೆ ತಾಗಿದ ಕೂಡಲೇ ನಿಲ್ಲುತ್ತಿತ್ತು. ನಾಲ್ಕನೆಯ ತೂತಿನ ಹೊತ್ತಿಗೆ ತಾಗಿದ ಮೇಲೂ ಒಂದಷ್ಟು ಹೊತ್ತು ನಿಲ್ಲಲಿಲ್ಲ. ಅವನು ಕಾದ. ಮತ್ತೆ ಇಟ್ಟ. ಹೊಡೆದ.

"ಅಪ್ಪಾ, ಉಸಿರಾಡಪ್ಪಾ. ನೀನ್ ಬಿಡೋವರ್ಗೂ ನಾನೂ ಹಿಡ್ಕೊಂಡಿರ್ತೀನಿ, ತಲೆ ತಿರುಗ್ತಾ ಇದೆ."

"ನಿಂಗ್ಯಾರ್ ಹಿಡಿ ಅಂದ್ರು? ತಗಡು ಹಿಡಿ ಅಂದಿದ್ದು."

ಹನ್ನೆರಡೂವರೆಗೆ ಒಂಬತ್ತೂ ಮುಗಿದವು. ಅವನು ಅಳೆಯುವ ವರ್ನಿಯರನ್ನು ಬಟ್ಟೆಯಿಂದ ಒರೆಸಿ ನನ್ನ ಕೈಗೆ ಕೊಟ್ಟ. ಮಾಡಿದವನು ತನ್ನ ಕೆಲಸವನ್ನು ತಾನೇ ಅಳೆಯುವಂತಿಲ್ಲ, ಅದು ಟೂಲ್‌ರೂಮಿನ ರೂಢಿ. ಮಗಳು ಅಳೆದರೆ ಅವನು ನಂಬುತ್ತಿರಲಿಲ್ಲ. ಓದುವುದು ಹೇಗೆಂದು ತೋರಿಸಿ, ಹೊಸ ಬೋರ್ಡಿನ ಅಳತೆ ಬರೆದಿದ್ದ ನಕ್ಷೆಯ ಹಾಳೆಯನ್ನು ಪಕ್ಕದಲ್ಲಿಟ್ಟು, ತಾರಸಿಯ ಅಂಚಿಗೆ ಹೋಗಿ ಬೆನ್ನು ಮಾಡಿ ನಿಂತ. ತುಮಕೂರು ರಸ್ತೆಯ ಲಾರಿಗಳ ಸದ್ದು ಅಲ್ಲಿಗೆ ಚೆನ್ನಾಗಿ ಕೇಳುತ್ತಿತ್ತು.

ಮೊದಲ ಮೂರು ಸರಿಯಿದ್ದವು. ನಾಲ್ಕನೆಯದು ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು ಎಡಕ್ಕೆ ಹೋಗಿತ್ತು. ಎರಡು ಸಲ ಅಳೆದೆ. ಮಗಳು ನನ್ನ ಹೆಗಲ ಮೇಲಿಂದ ನೋಡುತ್ತಿದ್ದವಳು, ಹೇಳಬೇಡ ಎಂಬಂತೆ ತಲೆಯಾಡಿಸಿದಳು. ಉಳಿದವನ್ನೂ ಅಳೆದೆ. ಎಂಟನೆಯದೂ ಸರಿದಿತ್ತು, ಅಷ್ಟಲ್ಲ.

"ಏಳು ಸರಿಯಿದೆ ಅಣ್ಣ. ನಾಲ್ಕು ಮತ್ತೆ ಎಂಟು ಸರಿದಿವೆ," ಎಂದು ಎರಡರ ಅಳತೆಯನ್ನೂ ಓದಿ ಹೇಳಿದೆ.

ಅವನು ತಿರುಗಿದ. "ಎರಡೂ ಎಡಕ್ಕಾ?"

"ಎರಡೂ ಎಡಕ್ಕೇ."

"ಗೊತ್ತಿತ್ತು. ನಾಲ್ಕು ಹೊಡೀವಾಗ್ಲೇ ಗೊತ್ತಾಯ್ತು."

"ಅಪ್ಪ, ಸ್ಕ್ರೂ ಹೋಗತ್ತೆ, ಬೋರ್ಡ್ ಕೂರತ್ತೆ, ಗೇಮ್ ಓಡತ್ತೆ," ಎಂದಳು ಮಗಳು. "ಇನ್ನೇನು ಬೇಕು? ಅದ್ರ ಬೆನ್ನು ಯಾರ್ ನೋಡ್ತಾರೆ?"

"ನಿನ್ ಬೋರ್ಡಿಗೆ ಸಾಕು ಮಗಾ. ಚೆನ್ನಾಗೇ ಕೂರತ್ತೆ." ದುಂಡು ಅರ ತೆಗೆದು ಅವೆರಡು ತೂತುಗಳನ್ನು ಬಲಕ್ಕೆ ಸ್ವಲ್ಪ ಹಿಗ್ಗಿಸಿದ. ಆ ಕೆಲಸಕ್ಕೆ ಹತ್ತು ನಿಮಿಷವೂ ಹಿಡಿಯಲಿಲ್ಲ. ಆಮೇಲೆ ಮೂವರೂ ಕೆಳಗಿಳಿದು ಊಟ ಮಾಡಿದೆವು. ಅತ್ತಿಗೆ ಏನಾಯಿತೆಂದು ಕೇಳಿದರು. ಒಂಬತ್ತರಲ್ಲಿ ಏಳು ಎಂದ ಅಣ್ಣ. ಅವರು ಇನ್ನೊಂದು ಸಲ ಸಾರು ಬಡಿಸಿದರು.

ಮುಂದಿನ ಶನಿವಾರ ಅದೇ ಅಂಗಡಿಯಲ್ಲಿ ಹೊಸ ಬೋರ್ಡ್ ಒಳಗೆ ಕೂತಿತು. ಒಂಬತ್ತು ಸ್ಕ್ರೂಗಳೂ ತಡೆಯಿಲ್ಲದೆ ಹೋದವು. ಕೂದಲೆಳೆಯಂಥ ಸಾವಿರಕ್ಕೂ ಹೆಚ್ಚು ಪಿನ್ನುಗಳ ಮೇಲೆ ಪ್ರೊಸೆಸರ್ ಇಡುವ ಹೊತ್ತು ಬಂದಾಗ ಮಾಲೀಕರು ಅದನ್ನು ಅಣ್ಣನ ಕಡೆಗೆ ಚಾಚಿದರು. "ನಿಮ್ ಕೈಯಿಂದ್ಲೇ ಆಗ್ಲಿ ಸಾರ್, ಕಾರೀಗರ್ ಅಲ್ವಾ ನೀವು."

"ಇವಳ ಕೈಯಿಂದ ಆಗ್ಲಿ ಭಾಯ್," ಎಂದು ಅಣ್ಣ ಮಗಳಿಗೆ ಜಾಗ ಬಿಟ್ಟ.

ಅವಳು ಇಟ್ಟಳು. ಸ್ವಿಚ್ ಒತ್ತಿದಾಗ ಪರದೆ ಬೆಳಗಿತು.

ಆಗಸ್ಟ್ ಕೊನೆಯ ವಾರ ಅವನು ಫಾರಂ ತುಂಬಿ ಕೊಟ್ಟ. ಸೆಪ್ಟೆಂಬರ್ ತಿಂಗಳಿಂದ ಸ್ಟೋರ್ಸಿನಲ್ಲಿದ್ದಾನೆ, ಬೆಳಗಿನ ಪಾಳಿ. ಬೆಂಚಿನ ಜಾಗಕ್ಕೆ ಕಾರ್ಖಾನೆ ಇನ್ನೂ ಯಾರನ್ನೂ ಹಾಕಿಲ್ಲ.